ತಡೆಯಾಜ್ಞೆ ಯಾರಿಗೆ, ಪತ್ರಿಕಾ ಪ್ರಕಟಣೆ ಯಾರಿಗೆ

ಮಾನನಷ್ಟದ ಕಾನೂನು ನಮ್ಮಲ್ಲಿ ಸುದ್ದಿಯಾಗುವುದು ರಾಜಕಾರಣಿಯೊಬ್ಬರು ಇನ್ನೊಬ್ಬ ರಾಜಕಾರಣಿಗೆ ಕೋಟಿಗಟ್ಟಲೆ ಪರಿಹಾರ ಕೇಳಿ ವಕೀಲರ ಮೂಲಕ ನೋಟಿಸು ಕಳಿಸಿದಾಗ. ನೋಟಿಸು ಕೊಟ್ಟ ದಿನದ ಪತ್ರಿಕಾಗೋಷ್ಠಿಯೇ ಆ ನೋಟಿಸಿನ ನಿಜವಾದ ಉದ್ದೇಶವಾಗಿರುವುದೂ ಉಂಟು. ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ಈ ಕಾನೂನು ಕಂಡದ್ದು ಬೇರೆಯದೇ ರೂಪದಲ್ಲಿ. ಒಂದೇ ರಾತ್ರಿ, ಒಂದೇ ಪುಟದಲ್ಲಿ ಎರಡು ಬಗೆಯ ಹೆಸರುಗಳನ್ನು ನಾವು ನಿಭಾಯಿಸುತ್ತಿದ್ದೆವು. ಶಾಸಕರ ಇಲ್ಲವೇ ಉದ್ಯಮಿಯ ಹೆಸರಿರುವ ವರದಿಯನ್ನು ಸಂಪಾದಕರು ಓದಿ, ಅಗತ್ಯ ಕಂಡರೆ ವಕೀಲರಿಗೂ ತೋರಿಸಿ, ಒಂದೆರಡು ವಾಕ್ಯ ಹೊಡೆದುಹಾಕಿ, ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂಬ ಸಾಲು ಸೇರಿಸಿದ ಮೇಲೆ ಅದು ಪುಟಕ್ಕೆ ಹೋಗುತ್ತಿತ್ತು. ಸರ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದ ಹುಡುಗನ ಹೆಸರು, ತಂದೆಯ ಹೆಸರು, ವಯಸ್ಸು, ಬಡಾವಣೆ ಮತ್ತು ಅಡ್ಡರಸ್ತೆಯ ಸಂಖ್ಯೆ ಮಾತ್ರ ಪೊಲೀಸರ ಪತ್ರಿಕಾ ಪ್ರಕಟಣೆಯಲ್ಲಿ ಬಂದ ಹಾಗೆಯೇ ಅಚ್ಚಾಗುತ್ತಿದ್ದವು. ಅದನ್ನು ಯಾವ ವಕೀಲರೂ ನೋಡುತ್ತಿರಲಿಲ್ಲ. ಕಾನೂನು ಇಬ್ಬರಿಗೂ ಒಂದೇ ಎನ್ನುವುದು ಸರಿ, ಆದರೆ ಅದನ್ನು ಎತ್ತಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಇಬ್ಬರಿಗೂ ಒಂದೇ ಅಲ್ಲ.

ಕಾನೂನಿನ ಪಠ್ಯ ಹಳೆಯದು. 1860ರ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೆಯ ಕಲಂಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನೊಳಗೆ ಸೇರಿಕೊಂಡಿವೆ. ಎರಡು ವರ್ಷಗಳವರೆಗಿನ ಸಾದಾ ಸೆರೆವಾಸ, ದಂಡ ಅಥವಾ ಎರಡೂ ಎಂಬ ಹಳೆಯ ಶಿಕ್ಷೆಗೆ ‘ಸಮುದಾಯ ಸೇವೆ’ ಎಂಬ ಹೊಸ ಆಯ್ಕೆಯೊಂದು ಸೇರಿರುವುದನ್ನು ಬಿಟ್ಟರೆ ಒಳಗಿನ ವಿವರಣೆಗಳು, ಹತ್ತು ವಿನಾಯಿತಿಗಳು ಹೆಚ್ಚುಕಡಿಮೆ ಹಾಗೆಯೇ ಇವೆ. ಮೃತರ ಬಗ್ಗೆ ಆಡಿದ ಮಾತೂ ಕುಟುಂಬದವರನ್ನು ನೋಯಿಸುವ ಉದ್ದೇಶದ್ದಾಗಿದ್ದರೆ ಅಪರಾಧವಾಗಬಹುದು, ಕಂಪನಿಗೂ ಮಾನವುಂಟು, ವ್ಯಂಗ್ಯವೂ ಮಾನಹಾನಿಯಾಗಬಹುದು. ಈ ಕೊನೆಯದಕ್ಕೆ ಕಾನೂನೇ ಕೊಡುವ ಉದಾಹರಣೆ ನನಗೆ ಬಹಳ ಇಷ್ಟ. ಕೈಗಡಿಯಾರ ಕದ್ದವರು ಯಾರು ಎಂಬ ಮಾತು ಬಂದಾಗ ಒಬ್ಬನು, ‘ಅವನು ಪ್ರಾಮಾಣಿಕ, ಅವನು ಕದ್ದೇ ಇಲ್ಲ’ ಎಂದು, ಕದ್ದದ್ದು ಅವನೇ ಎಂದು ಕೇಳುವವರು ನಂಬಲಿ ಎಂಬ ಉದ್ದೇಶದಿಂದ ಹೇಳಿದರೆ ಅದು ಮಾನಹಾನಿ. ನಮ್ಮ ಹಳ್ಳಿಕಟ್ಟೆಯ ಅರ್ಧ ಸಂಭಾಷಣೆ ಈ ಉದಾಹರಣೆಯ ವ್ಯಾಪ್ತಿಗೆ ಬರುತ್ತದೆ.

ಪತ್ರಕರ್ತರಿಗೆ ತೊಡಕಾಗುವುದು ಮೊದಲನೆಯ ವಿನಾಯಿತಿ. ಸಿವಿಲ್ ದಾವೆಯಲ್ಲಿ ಬರೆದದ್ದು ನಿಜವೆಂದು ಸಾಬೀತಾದರೆ ಅಲ್ಲಿಗೆ ಮುಗಿಯಿತು. ಕ್ರಿಮಿನಲ್ ಪ್ರಕರಣದಲ್ಲಿ ನಿಜವಾಗಿದ್ದರೆ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂಬುದೂ ಸಾಬೀತಾಗಬೇಕು, ಮತ್ತು ಆ ಹೊಣೆ ಬರೆದವರ ಮೇಲೆಯೇ ಇರುತ್ತದೆ. ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಎಂದು ಸೇರಿಸಿದರೆ ರಕ್ಷಣೆ ಸಿಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಗಾಢವಾಗಿದೆ. ಇನ್ನೊಬ್ಬರ ಮಾತನ್ನು ಮತ್ತೆ ಪ್ರಕಟಿಸಿದವರೂ ಪ್ರಕಟಿಸಿದವರೇ ಎಂಬುದು ಕಾನೂನಿನ ನಿಲುವಾದ್ದರಿಂದ ಆ ನಂಬಿಕೆಗೆ ಆಧಾರವಿಲ್ಲ.

ಮಾನನಷ್ಟವನ್ನು ಅಪರಾಧವಾಗಿ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಮಾನವೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಆಗಿರುವುದರಿಂದ ಅದನ್ನು ಕಾಪಾಡಲು ಕ್ರಿಮಿನಲ್ ಕಾನೂನು ಬಳಸುವುದು ವಾಕ್ ಸ್ವಾತಂತ್ರ್ಯದ ಮೇಲಿನ ಅಸಮಂಜಸ ನಿರ್ಬಂಧವಲ್ಲ ಎಂದು ಅದು ಹೇಳಿತು. ಈ ಕಾನೂನನ್ನು ನಮಗೆ ಕೊಟ್ಟ ಬ್ರಿಟನ್ 2009ರಲ್ಲಿ ಶಾಸನ ಮಾಡಿ ತನ್ನ ಕ್ರಿಮಿನಲ್ ಮಾನನಷ್ಟವನ್ನು ಕೈಬಿಟ್ಟಿದೆ; ಶ್ರೀಲಂಕಾ ಅದಕ್ಕೂ ಮುಂಚೆ, 2002ರಲ್ಲಿಯೇ ಬಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಂ.ಎಂ. ಸುಂದರೇಶ್ ಅವರು ವಿಚಾರಣೆಯೊಂದರ ನಡುವೆ, ಇದನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಕಾಲ ಬಂದಿದೆ ಎಂಬ ಅರ್ಥದ ಮಾತು ಹೇಳಿದ್ದರು. ಅದು ಮೌಖಿಕ ಅಭಿಪ್ರಾಯ ಮಾತ್ರ. 2016ರ ತೀರ್ಪು ಇನ್ನೂ ಹಾಗೆಯೇ ನಿಂತಿದೆ.

ಆದರೆ ನನ್ನ ತಕರಾರಿರುವುದು ಶಿಕ್ಷೆಯ ಬಗ್ಗೆ ಅಷ್ಟಾಗಿ ಅಲ್ಲ. ಪತ್ರಕರ್ತರನ್ನು ದಣಿಸುವುದು ತೀರ್ಪಲ್ಲ, ವಾಯಿದೆಗಳು. ಮಾನನಷ್ಟಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಯಾವ ಊರಿನ ಮ್ಯಾಜಿಸ್ಟ್ರೇಟರು? ಪತ್ರಿಕೆ ತಲುಪಿದ, ವಿಡಿಯೊ ನೋಡಿದ ಊರು ಯಾವುದೂ ಆಗಬಹುದು. ರಾಹುಲ್ ಗಾಂಧಿ ಅವರು 2019ರ ಏಪ್ರಿಲ್ 13ರಂದು ಭಾಷಣ ಮಾಡಿದ್ದು ನಮ್ಮ ಕೋಲಾರದಲ್ಲಿ. ಪ್ರಕರಣ ನಡೆದದ್ದು ಗುಜರಾತಿನ ಸೂರತ್‌ನಲ್ಲಿ. 2023ರ ಮಾರ್ಚ್ 23ರಂದು ಅಲ್ಲಿನ ನ್ಯಾಯಾಲಯ ಗರಿಷ್ಠ ಎರಡು ವರ್ಷದ ಶಿಕ್ಷೆ ಕೊಟ್ಟಿತು, ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಗರಿಷ್ಠ ಶಿಕ್ಷೆಯೇ ಏಕೆಂಬುದಕ್ಕೆ ವಿಚಾರಣಾ ನ್ಯಾಯಾಲಯ ಕಾರಣ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ ಆಗಸ್ಟ್ 4ರಂದು ದೋಷನಿರ್ಣಯಕ್ಕೆ ತಡೆ ನೀಡಿತು. ರಾಷ್ಟ್ರೀಯ ಪಕ್ಷದ ನಾಯಕರಿಗೆ ದೆಹಲಿಯಿಂದ ಸೂರತ್‌ಗೆ ವಕೀಲರನ್ನು ಕಳಿಸುವುದು ಕಷ್ಟವಲ್ಲ. ಹುಬ್ಬಳ್ಳಿಯ ವಾರಪತ್ರಿಕೆಯೊಂದರ ಸಂಪಾದಕರು ದೂರದ ಇನ್ನೊಂದು ರಾಜ್ಯದ ಸಮನ್ಸಿಗೆ ಉತ್ತರಿಸುವುದು, ಪ್ರತಿ ವಾಯಿದೆಗೂ ರೈಲು ಹತ್ತುವುದು ಅಥವಾ ಹಾಜರಾತಿಗೆ ವಿನಾಯಿತಿ ಕೋರಿ ಅರ್ಜಿ ಹಾಕುವುದು ಬೇರೆ ಸಂಗತಿ.

ಬೆಂಗಳೂರಿನದೇ ಇನ್ನೊಂದು ಪ್ರಕರಣವಿದೆ. ನಗರದ ಕಲಾಕೃತಿ ಹರಾಜು ಸಂಸ್ಥೆಯೊಂದು ಮಾರಾಟಕ್ಕಿಟ್ಟಿದ್ದ ಕೆಲವು ಚಿತ್ರಗಳು ಅಸಲಿಯೇ ಎಂಬ ಸಂಶಯವನ್ನು ಇಂಗ್ಲಿಷ್ ದೈನಿಕವೊಂದರ ಬಳಗದ ಪತ್ರಿಕೆಗಳು 2014ರಲ್ಲಿ ವರದಿ ಮಾಡಿದವು. ಸಂಸ್ಥೆ ಅದೇ ವರ್ಷ ಖಾಸಗಿ ದೂರು ಕೊಟ್ಟಿತು, ಮ್ಯಾಜಿಸ್ಟ್ರೇಟರು ಸಮನ್ಸ್ ಹೊರಡಿಸಿದರು, ಹೈಕೋರ್ಟಿನಲ್ಲಿ ಪತ್ರಕರ್ತರಿಗೆ ಪರಿಹಾರ ಸಿಗಲಿಲ್ಲ. 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನೇ ರದ್ದುಪಡಿಸಿತು. ಆರೋಪಿಗಳು ಮ್ಯಾಜಿಸ್ಟ್ರೇಟರ ವ್ಯಾಪ್ತಿಯ ಹೊರಗೆ ವಾಸಿಸುವವರಾದರೆ ಸಮನ್ಸಿಗೆ ಮುನ್ನ ವಿಚಾರಣೆ ಮಾಡುವುದು ಕಡ್ಡಾಯವಾಗಿದ್ದರೂ ಅದು ಸರಿಯಾಗಿ ನಡೆದಿರಲಿಲ್ಲ. ವರದಿಯಿಂದ ಸಂಸ್ಥೆಯ ಮಾನಕ್ಕೆ ನಿಜವಾಗಿ ಕುಂದು ಬಂದಿತೆಂದು ಹೇಳುವ ಸಾಕ್ಷಿಗಳನ್ನೂ ಆ ಹಂತದಲ್ಲಿ ಪರೀಕ್ಷಿಸಿರಲಿಲ್ಲ. ಇಷ್ಟು ಕಾಲ ಕಳೆದ ಮೇಲೆ ಮತ್ತೆ ಕೆಳಗಿನ ನ್ಯಾಯಾಲಯಕ್ಕೆ ಕಳಿಸುವುದರಲ್ಲಿ ಅರ್ಥವಿಲ್ಲವೆಂದೂ ನ್ಯಾಯಪೀಠ ಹೇಳಿತು. ಮಾಧ್ಯಮದವರು ಬರೆಯುವಾಗ ಅತ್ಯಂತ ಎಚ್ಚರದಿಂದಿರಬೇಕು ಎಂಬ ಬುದ್ಧಿಮಾತೂ ಅದೇ ತೀರ್ಪಿನಲ್ಲಿದೆ, ಮತ್ತು ಅದು ಅನಗತ್ಯವಾದದ್ದೇನಲ್ಲ. ಆದರೆ ಲೆಕ್ಕ ನೋಡಿ. ವಿಚಾರಣೆ ಆರಂಭವಾಗಬೇಕೇ ಬೇಡವೇ ಎಂಬ ಒಂದು ಪ್ರಶ್ನೆ ಇತ್ಯರ್ಥವಾಗಲು ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನ ಹೇಳುವ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೆಯ ಕಲಂ, ದೂರನ್ನು ವಿಚಾರಣೆಗೆ ಅಂಗೀಕರಿಸುವ ಮೊದಲೇ ಆರೋಪಿಯ ಮಾತು ಕೇಳಬೇಕು ಎನ್ನುತ್ತದೆ. ಹೊಸ ಸಂಹಿತೆಗಳಲ್ಲಿ ಪತ್ರಕರ್ತರಿಗೆ ನಿಜವಾಗಿ ಪ್ರಯೋಜನವಾಗುವ ಬದಲಾವಣೆ ಎಂದರೆ, ನನ್ನ ದೃಷ್ಟಿಯಲ್ಲಿ, ಇದೊಂದೇ.

ಕ್ರಿಮಿನಲ್ ದೂರು ನಿಧಾನದ ದಾರಿಯಾದರೆ ಸಿವಿಲ್ ತಡೆಯಾಜ್ಞೆ ವೇಗದ ದಾರಿ, ಮತ್ತು ಅದರಲ್ಲಿ ಬೆಂಗಳೂರಿಗೆ ಒಂದು ಹೆಸರೇ ಇದೆ. ಪರಿಹಾರ ಕೇಳಿ ದಾವೆ ಹೂಡಿದರೆ ಕೇಳಿದ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ಪ್ರಕಟಣೆಯನ್ನು ತಡೆಯಿರಿ ಎಂದಷ್ಟೇ ಕೇಳಿದರೆ ಖರ್ಚು ಅಲ್ಪ, ಫಲ ತಕ್ಷಣ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಬೆಂಗಳೂರು ದಕ್ಷಿಣದ ಅಭ್ಯರ್ಥಿಯಾಗಿದ್ದ ತೇಜಸ್ವಿ ಸೂರ್ಯ ಅವರ ಬಗ್ಗೆ ಮಾನಹಾನಿಕರ ಸುದ್ದಿ ಪ್ರಕಟಿಸದಂತೆ ಸಿಟಿ ಸಿವಿಲ್ ನ್ಯಾಯಾಲಯ 49 ಮಾಧ್ಯಮ ಸಂಸ್ಥೆಗಳಿಗೆ ತಡೆಯಾಜ್ಞೆ ನೀಡಿತ್ತು. ಮತದಾನಕ್ಕೆ ಕೆಲವೇ ದಿನ ಇರುವಾಗ ಹೈಕೋರ್ಟ್ ಅದನ್ನು ರದ್ದುಮಾಡಿತು. 2021ರ ಮಾರ್ಚ್‌ನಲ್ಲಿ ಸಚಿವರೊಬ್ಬರ ಸಿ.ಡಿ. ಪ್ರಕರಣ ಹೊರಬಂದ ಕೂಡಲೇ ಅದೇ ಸಂಪುಟದ ಬೇರೆ ಆರು ಸಚಿವರು ತಮ್ಮ ವಿರುದ್ಧ ಏನೂ ಪ್ರಸಾರವಾಗಿರದಿದ್ದರೂ ಮುಂಚಿತವಾಗಿಯೇ ನ್ಯಾಯಾಲಯಕ್ಕೆ ಹೋಗಿ, ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ತಡೆಯಾಜ್ಞೆ ತಂದರು. ಸುದ್ದಿಯೇ ಇಲ್ಲದಿರುವಾಗ ಸುದ್ದಿಗೆ ತಡೆ ತರುವುದರಿಂದ ಜನರ ಕುತೂಹಲ ಕೆರಳುತ್ತದೆಯೇ ಹೊರತು ತಣಿಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳಕ್ಕೆ ಸಂಬಂಧಿಸಿದ ಆರೋಪಗಳು ಎದ್ದಾಗ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಎದುರು ಪಕ್ಷದವರ ಮಾತು ಕೇಳದೆ ಹೊರಡಿಸಿದ ಆದೇಶದ ವ್ಯಾಪ್ತಿಗೆ ಎಂಟು ಸಾವಿರಕ್ಕೂ ಹೆಚ್ಚು ಅಂತರ್ಜಾಲ ಕೊಂಡಿಗಳು ಬಂದವು. ಆರೋಪಗಳ ಸತ್ಯಾಸತ್ಯತೆ ಇಲ್ಲಿನ ವಿಷಯವಲ್ಲ. ಯೂಟ್ಯೂಬ್ ಚಾನೆಲ್ ಒಂದರ ಅರ್ಜಿಯ ಮೇಲೆ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆಗಸ್ಟ್ 1ರಂದು ಆ ಚಾನೆಲ್‌ಗೆ ಸಂಬಂಧಿಸಿದ ಆದೇಶವನ್ನು ರದ್ದುಪಡಿಸಿ ಹೊಸದಾಗಿ ಪರಿಶೀಲಿಸಲು ಹಿಂದಕ್ಕೆ ಕಳಿಸಿದರು. ಸಾವಿರಾರು ವಿಡಿಯೊಗಳಲ್ಲಿ ಯಾವುದು ಮಾನಹಾನಿ, ಯಾವುದು ಬರಿಯ ವರದಿ, ಯಾವುದು ಟೀಕೆ ಎಂಬುದನ್ನು ಒಂದೇ ದಿನದಲ್ಲಿ ನೋಡಿ ತೀರ್ಮಾನಿಸುವುದು ಯಾವ ನ್ಯಾಯಾಧೀಶರಿಂದಲೂ ಆಗದ ಕೆಲಸ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶ ಏಕಪಕ್ಷೀಯ ತಡೆಯಾಜ್ಞೆಗೆ ಕಾರಣ ಬರೆಯಬೇಕು, ಮೂವತ್ತು ದಿನಗಳೊಳಗೆ ಅರ್ಜಿ ಇತ್ಯರ್ಥಪಡಿಸಲು ಯತ್ನಿಸಬೇಕು ಎನ್ನುತ್ತದೆ. ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಝೀ ಕಂಪನಿಯ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್ 22ರಂದು ಇನ್ನೂ ಗಟ್ಟಿಯಾಗಿ ಹೇಳಿತು: ವರದಿ ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಎಂದು ಕಂಡುಬರುವ ಅಪರೂಪದ ಸಂದರ್ಭಗಳನ್ನು ಬಿಟ್ಟು, ವಿಚಾರಣೆಗೆ ಮೊದಲೇ ಲೇಖನವನ್ನು ತೆಗೆಸುವಂತಿಲ್ಲ. ಆ ಮಾತಿನ ಬೇರು 1891ರ ಇಂಗ್ಲಿಷ್ ತೀರ್ಪೊಂದರಲ್ಲಿದೆ. ವಿಚಿತ್ರವೆಂದರೆ ಕೆಳ ಹಂತದ ನ್ಯಾಯಾಲಯಗಳಲ್ಲಿ ಇಂದಿಗೂ ನಡೆಯುವುದು ಇದಕ್ಕೆ ವಿರುದ್ಧವಾದದ್ದು. ತಡೆ ಸಿಗುವುದು ಒಂದು ದಿನದಲ್ಲಿ, ತೆರವಾಗುವುದು ಸುದ್ದಿ ಹಳಸಿದ ಮೇಲೆ. ಇದೆಲ್ಲ ಸಾಲದೆಂಬಂತೆ ನಮ್ಮ ಶಾಸಕರ ಕೈಯಲ್ಲಿ ಹಕ್ಕುಚ್ಯುತಿ ಎಂಬ, ತಮ್ಮ ಹಕ್ಕಿಗೆ ಧಕ್ಕೆಯಾಯಿತೆಂದು ಸದನವೇ ಶಿಕ್ಷೆ ಕೊಡುವ ಮೂರನೆಯ ಅಸ್ತ್ರವೂ ಇದೆ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ, ಶಾಸಕರ ಬಗ್ಗೆ ಬರೆದ ಲೇಖನಗಳಿಗಾಗಿ ಇಬ್ಬರು ಕನ್ನಡ ವಾರಪತ್ರಿಕೆ ಸಂಪಾದಕರಿಗೆ ಒಂದು ವರ್ಷ ಸೆರೆ ಮತ್ತು 10,000 ರೂಪಾಯಿ ದಂಡ ವಿಧಿಸಿತು. ದೂರುದಾರರ ಸದನದವರೇ ನ್ಯಾಯಾಧೀಶರಾಗಿ ಕುಳಿತ ಆ ವಿಚಾರಣೆಗೆ ಹೋಲಿಸಿದರೆ ಮಾನನಷ್ಟದ ಮೊಕದ್ದಮೆ ಎಷ್ಟೋ ವಾಸಿ.

ಇನ್ನು ಖಾಸಗಿತನದ ಕಡೆಗೆ ಬರೋಣ. ಮಾನನಷ್ಟದಲ್ಲಿ ಪ್ರಶ್ನೆ, ಹೇಳಿದ್ದು ಸುಳ್ಳೇ ಎಂಬುದು. ಖಾಸಗಿತನದಲ್ಲಿ ಪ್ರಶ್ನೆ, ನಿಜವೇ ಆದರೂ ಹೇಳಬೇಕಿತ್ತೇ ಎಂಬುದು. ಈ ಎರಡನ್ನೂ ಒಟ್ಟಿಗೆ ನಿಭಾಯಿಸಿದ ಮೊದಲ ದೊಡ್ಡ ತೀರ್ಪು 1994ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅವರು ಬರೆದ ರಾಜಗೋಪಾಲ್ ಪ್ರಕರಣದ ತೀರ್ಪು. ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಜೈಲಿನಲ್ಲಿ ಬರೆದನೆನ್ನಲಾದ ಆತ್ಮಕಥೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಪ್ರಕಟಿಸಹೊರಟಿತ್ತು. ಅದರಲ್ಲಿ ಅವನ ಜೊತೆ ನಂಟಿದ್ದ ಅಧಿಕಾರಿಗಳ ಹೆಸರುಗಳಿದ್ದವು. ಬಂದೀಖಾನೆಯ ಹಿರಿಯ ಅಧಿಕಾರಿ, ಪ್ರಕಟಿಸಿದರೆ ಕ್ರಮ ಜರುಗಿಸುತ್ತೇವೆ ಎಂದು ಪತ್ರ ಬರೆದರು. ಸರ್ಕಾರಕ್ಕಾಗಲಿ ಅಧಿಕಾರಿಗಳಿಗಾಗಲಿ ಮುಂಚಿತವಾಗಿ ಪ್ರಕಟಣೆ ತಡೆಯುವ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ಉಸಿರಿನಲ್ಲಿ, ಪ್ರತಿಯೊಬ್ಬರಿಗೂ ತಮ್ಮ ಪಾಡಿಗೆ ತಾವಿರುವ ಹಕ್ಕಿದೆ, ಮದುವೆ, ಸಂಸಾರ, ಮಕ್ಕಳು, ಶಿಕ್ಷಣದಂಥ ಸಂಗತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ ಎಂದಿತು. ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಬರೆಯಬಹುದು, ಆದರೆ ಲೈಂಗಿಕ ಅಪರಾಧಕ್ಕೆ ಒಳಗಾದ ಹೆಣ್ಣಿನ ಹೆಸರನ್ನು ಬರೆಯುವಂತಿಲ್ಲ ಎಂದೂ ಸೇರಿಸಿತು. ಅಧಿಕಾರಿಗಳು ತಮ್ಮ ಕರ್ತವ್ಯಕ್ಕೆ ಸಂಬಂಧಿಸಿದ ಬರಹಕ್ಕೆ ಪರಿಹಾರ ಕೇಳಬೇಕಾದರೆ, ಬರೆದವರು ಸತ್ಯವನ್ನು ಪರಿಶೀಲಿಸುವ ಗೊಡವೆಗೇ ಹೋಗಲಿಲ್ಲವೆಂದು ತೋರಿಸಬೇಕು. ಅಧಿಕಾರದಲ್ಲಿರುವವರಿಗೆ ಕಡಿಮೆ ರಕ್ಷಣೆ, ಸಾಮಾನ್ಯರಿಗೆ ಹೆಚ್ಚು ರಕ್ಷಣೆ ಎಂಬುದು ಆ ತೀರ್ಪಿನ ತಿರುಳು. ಮೂವತ್ತು ವರ್ಷಗಳ ನಂತರವೂ ನಮ್ಮ ಪುಟಗಳಲ್ಲಿ ಕಾಣುವುದು ಇದರ ತಲೆಕೆಳಗಾದ ಚಿತ್ರ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕುವಾಗಲೇ ಅವರು ಎಂಬತ್ತು ದಾಟಿದ್ದರು. ಆ ತೀರ್ಪಿಗೆ ಕೆಲವು ತಿಂಗಳ ಮೊದಲು, ಅದೇ ವರ್ಷದ ಜನವರಿಯಲ್ಲಿ, ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ಚಿಕ್ಕದೊಂದು ಆದೇಶ ಬರೆದಿದ್ದರು. ರಾಜಿಯಲ್ಲಿ ಮುಗಿದ ಹಳೆಯ ಪ್ರಕರಣವೊಂದರ ಆದೇಶದಲ್ಲಿ ತಮ್ಮ ಮಗಳ ಹೆಸರಿದ್ದು, ಅಂತರ್ಜಾಲದಲ್ಲಿ ಹುಡುಕಿದರೆ ಅದು ಕಾಣಿಸಿಕೊಂಡು ಅವಳ ಸಂಸಾರಕ್ಕೂ ಮಾನಕ್ಕೂ ಧಕ್ಕೆಯಾಗುತ್ತದೆಂದು ತಂದೆಯೊಬ್ಬರು ಅರ್ಜಿ ಹಾಕಿದ್ದರು. ಶೋಧದಲ್ಲಿ ಆ ಹೆಸರು ಸಿಗದಂತೆ ನೋಡಿಕೊಳ್ಳಲು ನ್ಯಾಯಾಲಯ ತನ್ನ ಕಚೇರಿಗೆ ಸೂಚಿಸಿತು. ದೃಢೀಕೃತ ಪ್ರತಿ ಕೇಳಿದವರಿಗೆ ಮಾತ್ರ ಹೆಸರು ಇದ್ದಂತೆಯೇ ಸಿಗುತ್ತದೆ. ದಾಖಲೆ ಅಳಿಯಲಿಲ್ಲ, ಕುತೂಹಲಕ್ಕೆ ಹುಡುಕುವವರ ಕೈಗೆ ಅದು ಸಿಗುವುದು ಮಾತ್ರ ನಿಂತಿತು. ಈ ಎರಡರ ನಡುವಿನ ವ್ಯತ್ಯಾಸವನ್ನು ಇಷ್ಟು ಸರಳವಾಗಿ ಗುರುತಿಸಿದ ಆದೇಶವನ್ನು ನಾನು ಬೇರೆಲ್ಲೂ ಓದಿಲ್ಲ.

ಈಗ ಸರ ಕದ್ದ ಆರೋಪದ ಹುಡುಗನ ವಿಷಯಕ್ಕೆ ಬಂದರೆ ಕಾನೂನಿನ ತೂತು ಕಾಣುತ್ತದೆ. ಅವನನ್ನು ಬಂಧಿಸಿದ್ದು ನಿಜ, ಆದ್ದರಿಂದ ಬಂಧನದ ವರದಿ ಸುಳ್ಳಲ್ಲ, ಮಾನನಷ್ಟವೂ ಅಲ್ಲ. ನಾಲ್ಕು ವರ್ಷಗಳ ಬಳಿಕ ಖುಲಾಸೆಯಾದಾಗ ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಖುಲಾಸೆಗೆ ಪೊಲೀಸರು ಪತ್ರಿಕಾ ಪ್ರಕಟಣೆ ಹೊರಡಿಸುವ ರೂಢಿಯಿಲ್ಲ. ಒಂದು ವೇಳೆ ಮೂಲ ವರದಿಯಲ್ಲಿ ‘ಕುಖ್ಯಾತ ಕಳ್ಳ’ ಎಂಬಂಥ ಶೀರ್ಷಿಕೆ ಇದ್ದು ಅದು ಮಾನಹಾನಿಯೇ ಆಗಿದ್ದರೂ, ಪರಿಹಾರದ ಸಿವಿಲ್ ದಾವೆಗೆ ಇರುವ ಕಾಲಮಿತಿ ಒಂದೇ ವರ್ಷ. ವರದಿ ಜಾಲತಾಣದಲ್ಲಿ ಇಂದಿಗೂ ಇದೆಯಲ್ಲ ಎಂದರೆ, ಮೊದಲು ಪ್ರಕಟವಾದ ದಿನದಿಂದಲೇ ಕಾಲ ಎಣಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಅವನಿಗೆ ಉಳಿಯುವುದು ಖಾಸಗಿತನದ ಹಕ್ಕೊಂದೇ. ಅದರಲ್ಲಿಯೂ ದಾರಿ ಸ್ಪಷ್ಟವಿಲ್ಲ: ಖುಲಾಸೆಯಾದವರೊಬ್ಬರ ಹೆಸರಿದ್ದ ತೀರ್ಪನ್ನು ಕಾನೂನು ಜಾಲತಾಣದಿಂದ ತೆಗೆಯುವಂತೆ ಮದ್ರಾಸ್ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿದರೆ, ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತೀರ್ಪುಗಳು ಸಾರ್ವಜನಿಕ ದಾಖಲೆಗಳೆಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಪೊಲೀಸ್ ಠಾಣೆಯ ಮುಂದೆ ವಶಪಡಿಸಿಕೊಂಡ ಬೈಕುಗಳ ಹಿಂದೆ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ, ಅವರ ಹಿಂದೆ ಅಧಿಕಾರಿಗಳು ನಿಂತು ತೆಗೆಸಿಕೊಳ್ಳುವ ಫೋಟೊ ಯಾವ ಅರ್ಥದಲ್ಲಿಯೂ ಸಾರ್ವಜನಿಕ ದಾಖಲೆಯಲ್ಲ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು, ಏನು ಹೇಳಬಾರದು ಎಂಬ ಕೈಪಿಡಿಯನ್ನು ಮೂರು ತಿಂಗಳಲ್ಲಿ ಸಿದ್ಧಪಡಿಸುವಂತೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತ್ತು.

ಪತ್ರಿಕೆಗಳು ಕಟ್ಟುನಿಟ್ಟಾಗಿ ಪಾಲಿಸುವುದು ಲೈಂಗಿಕ ಅಪರಾಧದ ಸಂತ್ರಸ್ತೆಯ ಹೆಸರು ಮರೆಮಾಚುವ ನಿಯಮವೊಂದನ್ನೇ. ಅದೂ ಅರ್ಧ ಮಾತ್ರ. ಹೆಸರು ಬಿಟ್ಟು, ಊರು, ಕಾಲೇಜು, ತಂದೆಯ ಉದ್ಯೋಗ, ಎಷ್ಟನೆಯ ಮಗಳು ಎಂಬುದನ್ನೆಲ್ಲ ಬರೆದರೆ ಆ ಊರಿನಲ್ಲಿ ಯಾರಿಗೆ ಗೊತ್ತಾಗುವುದಿಲ್ಲ? ಸುಪ್ರೀಂ ಕೋರ್ಟಿನ 2018ರ ಡಿಸೆಂಬರ್‌ನ ನಿಪುಣ್ ಸಕ್ಸೇನಾ ತೀರ್ಪು ನಿಷೇಧಿಸಿರುವುದು ಹೆಸರನ್ನಷ್ಟೇ ಅಲ್ಲ, ಗುರುತು ಸಿಗುವ ಯಾವುದೇ ಸುಳಿವನ್ನು. ಸಂತ್ರಸ್ತೆ ಮೃತಪಟ್ಟಿದ್ದರೂ ಅದು ಅನ್ವಯಿಸುತ್ತದೆ.

ಖಾಸಗಿತನದ ಹೆಸರಿನಲ್ಲಿ ಬಂದಿರುವ ಹೊಸ ಕಾನೂನು ಈ ಕೆಲಸಗಳಿಗೆ ನೆರವಾಗುತ್ತದೆಂದು ನಿರೀಕ್ಷಿಸಿದವರಲ್ಲಿ ನಾನೂ ಒಬ್ಬ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. 2018 ಮತ್ತು 2019ರ ಕರಡುಗಳಲ್ಲಿ ಪತ್ರಿಕೋದ್ಯಮಕ್ಕೆ ಪ್ರತ್ಯೇಕ ವಿನಾಯಿತಿ ಇತ್ತು, ಅಂತಿಮ ಕಾಯ್ದೆಯಲ್ಲಿ ಅದಿಲ್ಲ. ಅದಕ್ಕಿಂತ ಗಂಭೀರವಾದದ್ದು ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಕಲಮಿಗೆ ತಂದ ತಿದ್ದುಪಡಿ. ಮೊದಲು, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ಮಾಹಿತಿಯನ್ನಷ್ಟೇ ನಿರಾಕರಿಸಬಹುದಿತ್ತು, ಅದೂ ವಿಶಾಲ ಸಾರ್ವಜನಿಕ ಹಿತ ಅಡ್ಡಬರದಿದ್ದರೆ. ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು. ತಾಲ್ಲೂಕು ಕಚೇರಿಯಲ್ಲಿ ಬಗರ್‌ಹುಕುಂ ಜಮೀನು ಸಕ್ರಮವಾದವರ ಪಟ್ಟಿ ಕೇಳುವ ವರದಿಗಾರರಿಗೆ, ಅದರಲ್ಲಿ ಯಾರ್‍ಯಾರ ನೆಂಟರಿದ್ದಾರೆಂದು ನೋಡಲು ಹೊರಟವರಿಗೆ, ಅಧಿಕಾರಿ ಇನ್ನು ಮುಂದೆ ಕೊಡುವ ಉತ್ತರ ಒಂದೇ ಸಾಲಿನದು. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಮಾಹಿತಿ ಕೊಡಲು 8(2)ರಲ್ಲಿ ಅವಕಾಶ ಉಳಿದಿದೆ ಎಂಬುದು ನಿಜ, ಅದನ್ನು ಬಳಸಬೇಕಾದವರು ಮಾತ್ರ ಅದೇ ಅಧಿಕಾರಿ. ಪಟ್ಟಿ ಸಿಗದೆ ಊರಿನವರ ಮಾತಿನ ಆಧಾರದ ಮೇಲೆ ವರದಿ ಬರೆದರೆ ಹದಿನೈದು ದಿನಗಳಲ್ಲಿ ವಕೀಲರ ನೋಟಿಸು ಬರುತ್ತದೆ, ಮತ್ತು ಬರೆದದ್ದು ನಿಜವೆಂದು ನ್ಯಾಯಾಲಯದಲ್ಲಿ ತೋರಿಸಲು ಬೇಕಾಗುವ ದಾಖಲೆ ಆ ಪಟ್ಟಿಯೇ.